ಅಳತೆ ಪುಸ್ತಕ

ಅಪ್ಪ ಅಂದರೆ ನನಗೆ
ಎದೆ ನಲವತ್ತು, ಭುಜ ಹದಿನೆಂಟೂವರೆ,
ಉದ್ದ ಮೊಣಕಾಲಿನ ಕೆಳಗೆ ಎರಡು ಬೆರಳು.
ಅಮ್ಮನ ಅಳತೆ ಪುಸ್ತಕದಲ್ಲಿ, ಮಲಯಾಳದ ದುಂಡು ಅಕ್ಷರದಲ್ಲಿ:
ಪೂವಯ್ಯ. ಕುಪ್ಯ ಒಂದು, ಕಪ್ಪು.
ಮುಂಗಡ ಇಪ್ಪತ್ತು ರೂಪಾಯಿ.
ಬಾಕಿ ಎಂಬಲ್ಲಿ ಏನೂ ಬರೆದಿಲ್ಲ.

ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿದು ಬಂದರೆ
ಸೋಡಾ ಅಂಗಡಿಯ ಪಕ್ಕ, ಕಾರ್ತ್ಯಾಯನಿ ಟೈಲರ್ಸ್.
ಊರಿನ ಅರ್ಧ ಮದುಮಗಂದಿರು
ಅಮ್ಮ ಹೊಲಿದ ಬಿಳಿ ಕುಪ್ಯ ತೊಟ್ಟೇ ಮುಕ್ಕಾಲಿಯ ಮೇಲೆ ಕೂತವರು.
ಅವನದನ್ನು ಮಾತ್ರ
ಮೈಸೂರಿನಲ್ಲಿ ಹೊಲಿಸಿದರಂತೆ.

ಕೆ ಅಂದರೇನು, ಇನಿಷಿಯಲ್?
ಹಾಜರಿ ಪುಸ್ತಕದಿಂದ ಕತ್ತೆತ್ತದೆ ಕೇಳಿದರು ಮೇಷ್ಟ್ರು.
ಕೊಡಗು ಸಾರ್, ಅಂದೆ.
ತರಗತಿ ನಕ್ಕಿತು.
ಮೇಷ್ಟ್ರು ನಗಲಿಲ್ಲ. ನೆನಪಿರುವುದು ಅದೇ.

ಬೊಳ್ಳಮ್ಮನ ಮದುವೆಗೆ ಹೋಗುವಾಗ
ನೆರಿಗೆ ಮುಂದಕ್ಕೋ ಹಿಂದಕ್ಕೋ ಎಂದು
ಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಅಮ್ಮ ಬಹಳ ಹೊತ್ತು ನಿಂತಳು.
ಹಿಂದಕ್ಕೇ ಕಟ್ಟಿದಳು.
ಮಂಟಪದಲ್ಲಿ ಒಬ್ಬ ಮುದುಕಿ ನೆರಿಗೆ ಸವರಿ,
ಚೆಂದ ಉಟ್ಟಿದ್ದೀ ಕೂಸೇ, ಯಾವ ಮನೆ?
ನಾನು ಬಿರಿಯಾನಿಯ ಸಾಲಿಗೆ ನಡೆದೆ.

ರಜೆಯಲ್ಲಿ ಮಾಕುಟ್ಟದ ಘಾಟಿ ಇಳಿದು ಇರಿಟ್ಟಿ, ಅಜ್ಜಿಯ ಮನೆ.
ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಾಗ
ಅಮ್ಮ ನಾಲಿಗೆ ಬದಲಿಸುವಳು, ಚಪ್ಪಲಿ ಬದಲಿಸಿದ ಹಾಗೆ.
ಅಲ್ಲಿ ನಾನು ಕೊಡಗಿನವಳು.
ಇಲ್ಲಿ, ಘಟ್ಟದ ಕೆಳಗಿನವಳು.
ಎರಡೂ ಕಡೆ ಹಿರಿಯರಿಗೆ ಕೋಳಿ ಇಡುತ್ತಾರೆ, ಹೆಂಡ ಇಡುತ್ತಾರೆ;
ಸತ್ತವರಿಗೆ ಎರಡೂ ಕಡೆ ಒಂದೇ ರುಚಿ.
ಹೆಸರು ಕೇಳುವವರು ಬದುಕಿರುವವರು.

ಪುತ್ತರಿಯ ರಾತ್ರಿ ಗದ್ದೆಯ ಕಡೆಯಿಂದ ಕೋವಿಯ ಸದ್ದು ಬಂದರೆ
ಅಮ್ಮನ ಕಾಲು ನಿಲ್ಲುತ್ತಿತ್ತು.
ಸೂಜಿ ಬಟ್ಟೆಯೊಳಗೇ.
ಆಮೇಲೆ ಮತ್ತೆ ತುಳಿಯುವಳು,
ಮೊದಲಿಗಿಂತ ಜೋರಾಗಿ.

ಅಂಗಡಿ ಈಗ ನನ್ನದು.
ನಲವತ್ತು ಎದೆಯ ಗಂಡಸರು ಈ ಊರಲ್ಲಿ ಬೇಕಾದಷ್ಟು.
ಟೇಪು ಸುತ್ತಿ ನಲವತ್ತು ಬಂದಾಗಲೆಲ್ಲ
ಒಂದು ಗಳಿಗೆ ಮುಖ ನೋಡುತ್ತೇನೆ,
ವಯಸ್ಸಾದರೆ ಎದೆ ಇಳಿಯುತ್ತದೆ ಎಂದು
ಅಳೆದಳೆದೇ ಕಲಿತವಳು.

ಇದನ್ನು ಬರೆಯುತ್ತಿರುವುದು ಕನ್ನಡದಲ್ಲಿ.
ಅವನದೂ ಅಲ್ಲ, ಅವಳದೂ ಅಲ್ಲ;
ಸರ್ಕಾರಿ ಶಾಲೆ ಹಾಲಿನ ಪುಡಿಯ ಜೊತೆ ಬಿಟ್ಟಿ ಕೊಟ್ಟ ಭಾಷೆ.
ಇದರಲ್ಲಿ ಅಪ್ಪ ಎಂಬ ಪದಕ್ಕೆ
ಯಾರ ಅಡುಗೆಮನೆಯ ವಾಸನೆಯೂ ಇಲ್ಲ.
ಅದಕ್ಕೇ ಇರಬೇಕು, ಹೇಳಲು ಬರುತ್ತದೆ.

ಮೊನ್ನೆ ಜಹಿರುಲ್ ಬಂದ,
ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಹುಡುಗ, ನಾಲ್ಕನೇ ಕ್ಲಾಸು.
ಶಾಲೆಯಲ್ಲಿ ಡ್ಯಾನ್ಸಂತೆ, ನಾಳೆಯೇ, ಕುಪ್ಯ ಬೇಕಂತೆ.
ಕೈಯಲ್ಲಿ ಎಂಬತ್ತು ರೂಪಾಯಿ, ಬೆವರಿಗೆ ಒದ್ದೆ.
ನಾಳೆಯೊಳಗೆ ಎಲ್ಲಿಂದ ತರಲಿ ಬಟ್ಟೆ ಅಂದೆ.
ಅವನು ಹೋಗಲಿಲ್ಲ. ಬೀರುವಿನ ಕಡೆ ನೋಡಿದ.

ನುಸಿಗುಳಿಗೆಯ ವಾಸನೆಯ ಆ ಕಪ್ಪನ್ನು
ಮೂವತ್ತೆರಡು ವರ್ಷ ಪ್ರತಿ ಬೇಸಿಗೆ ಬಿಸಿಲಿಗೆ ಹಾಕಿದ್ದೇವೆ, ಒಳಗಿಟ್ಟಿದ್ದೇವೆ.
ಮೇಜಿನ ಮೇಲೆ ಹಾಸಿದೆ.
ಅಮ್ಮನ ಹೊಲಿಗೆ ಬಿಚ್ಚುವುದು ಸುಲಭವಲ್ಲ,
ಒಂದೊಂದು ಟಾಕಿಗೂ ಗಂಟು.
ಎದೆ ಇಪ್ಪತ್ತಾರಕ್ಕೆ ಇಳಿಸಿದೆ. ಭುಜ ಕತ್ತರಿಸಿದೆ.
ಕೆಂಪು ಚೇಲೆ ಮಾತ್ರ ಬಾಡಿಗೆಗೆ, ವಾಪಸ್ ಕೊಡಬೇಕು ಎಂದು ಹೇಳಿ ಕಳಿಸಿದೆ.

ಪುಸ್ತಕದಲ್ಲಿ ಬರೆದದ್ದು ಕನ್ನಡದಲ್ಲಿ:
ಜಹಿರುಲ್. ಕುಪ್ಯ ಒಂದು.
ಮನೆಯ ಹೆಸರು ಕೇಳಲಿಲ್ಲ.

ಉಳಿದ ಬಟ್ಟೆ ಮಷಿನ್ನಿನ ಕೆಳಗೆ ಬಿದ್ದಿದೆ.
ಅಮ್ಮ ಏನೂ ಕೇಳಲಿಲ್ಲ.
ಒಂದು ತುಂಡು ಆರಿಸಿ, ಬೆಳಕಿಗೆ ಹಿಡಿದು ನೋಡಿ,
ಮಷಿನ್ನಿನ ಎಣ್ಣೆ ಒರೆಸಲು ಇಟ್ಟುಕೊಂಡಳು.